ಪಕ್ಕದವರ ನಕ್ಷೆ ಪಾಸಾಗಿದೆ. ಅಲ್ಲಿಗೆ ನಮ್ಮ ಹಕ್ಕು ಮುಗಿಯಿತಾ?

ಪೂರ್ವದ ಕಿಟಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಪಕ್ಕದಲ್ಲಿ ಹಳೆಯ ಒಂದಂತಸ್ತಿನ ಮನೆ ಇತ್ತು. ಅದನ್ನು ಕೊಂಡವರು ಕೆಡವಿ ಈಗ ಮೂರು ಅಂತಸ್ತು ಎಬ್ಬಿಸುತ್ತಿದ್ದಾರೆ. ಗೋಡೆ ಮೇಲೇರಿದ ಹಾಗೆ ನಮ್ಮ ಅಡುಗೆಮನೆಗೂ ಅಮ್ಮನ ಕೋಣೆಗೂ ಬರುತ್ತಿದ್ದ ಬೆಳಕು ಕಡಿಮೆಯಾಗುತ್ತಾ ಬಂತು. ಈಗ ಹಗಲಲ್ಲೂ ಲೈಟ್ ಹಾಕಿಯೇ ಕೂರಬೇಕು. ಅಮ್ಮನ ಕಣ್ಣು ಮೊದಲೇ ಮಂದ. ಇದು ನನಗೆ ತುಂಬಾ ಬೇಜಾರಿನ ವಿಷಯ.

ಎರಡನೆಯದು, ಕೆಳಗಿನ ಅಂತಸ್ತಿನಲ್ಲಿ ಮರಗೆಲಸದ ವರ್ಕ್‌ಶಾಪ್ ಮಾಡುತ್ತಾರಂತೆ. ಮರ ಕೊಯ್ಯುವ, ರಂದ ಹೊಡೆಯುವ ಯಂತ್ರಗಳು ಆಗಲೇ ಬಂದಿಳಿದಿವೆ. ನಮ್ಮದು ವಸತಿ ವಲಯ. ಮೂರನೆಯದು, ಅವರ ಮೆಟ್ಟಿಲಿನ ಕಡೆಯ ಗೋಡೆ ನಮ್ಮ ಜಾಗದೊಳಗೆ ಒಂದು ಗೇಣಿನಷ್ಟು ಬಂದಿದೆ ಅನ್ನಿಸುತ್ತದೆ.

ಮಾತಾಡಲು ಹೋದರೆ ಒಂದೇ ಉತ್ತರ. "ನಕ್ಷೆ ಪಾಸಾಗಿದೆ. ನನ್ನ ಜಾಗ, ನನ್ನ ಇಷ್ಟ." ನಕ್ಷೆ ಪಾಸಾದ ಮೇಲೆ ನಾವು ಬಾಯಿ ಮುಚ್ಚಿಕೊಂಡಿರಬೇಕಾ? ಎಲ್ಲಿಂದ ಶುರು ಮಾಡಬೇಕು?

ಹಳೇ ನಕ್ಷೆಗಾರ

ನಾನು ನಕ್ಷೆ ಮಂಜೂರಾತಿಯ ಕೆಲಸದಲ್ಲಿ ಇದ್ದವನು. ಮೊದಲು ನಿಮ್ಮ ಮೂರು ದೂರುಗಳನ್ನು ಬೇರೆ ಬೇರೆ ಇಡಿ. ಬೆಳಕು ಒಂದು, ವರ್ಕ್‌ಶಾಪ್ ಒಂದು, ಗೋಡೆ ಒಂದು. ಮೂರನ್ನೂ ಸೇರಿಸಿ ಒಂದೇ ಅರ್ಜಿ ಬರೆದರೆ ಯಾವುದಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ. ಮೂರಕ್ಕೂ ಬೇರೆ ಕಾನೂನು, ಬೇರೆ ಬಾಗಿಲು.

ನಕ್ಷೆ ಮಂಜೂರು ಮಾಡುವ ಕಚೇರಿ ಏನು ನೋಡುತ್ತದೆ? ಎತ್ತರ, ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ), ಜಾಗಕ್ಕೆ ತಕ್ಕಂತೆ ಎಷ್ಟು ಕಟ್ಟಬಹುದು, ಯಾವ ಬಳಕೆಗೆ, ಇಷ್ಟೇ. ಅರ್ಜಿದಾರ ತೋರಿಸಿದ ಗಡಿಯನ್ನೇ ಗಡಿ ಅಂತ ಇಟ್ಟುಕೊಂಡು ಲೆಕ್ಕ ಹಾಕುತ್ತದೆ. ಆ ಗಡಿ ನಿಜವೋ ಅಲ್ಲವೋ ಅಂತ ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ. ಪಕ್ಕದವರಿಗೆ ಬೆಳಕಿನ ಹಕ್ಕು ಇದೆಯೋ, ದಾರಿಯ ಹಕ್ಕು ಇದೆಯೋ, ಅದನ್ನೂ ನೋಡುವುದಿಲ್ಲ. ಹಾಗಾಗಿ "ನಕ್ಷೆ ಪಾಸಾಗಿದೆ" ಅನ್ನುವುದು ಅವರಿಗೂ ಸರ್ಕಾರಕ್ಕೂ ನಡುವಿನ ಮಾತು. ನಿಮಗೂ ಅವರಿಗೂ ನಡುವಿನ ಮಾತು ಅದರಿಂದ ಮುಗಿಯುವುದಿಲ್ಲ.

ಮೊದಲ ಕೆಲಸ, ಮಂಜೂರಾದ ನಕ್ಷೆಯ ಪ್ರತಿ ತೆಗೆಸಿ. ಕೈಗೆ ಬಂದ ಮೇಲೆ ಹೀಗೆ ನೋಡಿ. ಸೆಟ್‌ಬ್ಯಾಕ್ ಎಲ್ಲಿಂದ ಎಲ್ಲಿಗೆ ಅಳೆದಿದ್ದಾರೆ? ಸಾಮಾನ್ಯವಾಗಿ ಗಡಿಯಿಂದ ಕಟ್ಟಡದ ಹೊರಮೈವರೆಗೆ ಅಳೆಯಬೇಕು. ಆದರೆ ಪಾಯ ತೆಗೆಯುವಾಗ ಇಟ್ಟ ಅಳತೆ ಗೋಡೆ ಏಳುವ ಹೊತ್ತಿಗೆ ಉಳಿದಿರುವುದಿಲ್ಲ. ಗೋಡೆಯ ದಪ್ಪ ಹೊರಗೆ ಬರುತ್ತದೆ, ಗಾರೆ ಬರುತ್ತದೆ, ಮೇಲೆ ಸಜ್ಜಾ ಚಾಚುತ್ತದೆ, ಬಾಲ್ಕನಿ ಇನ್ನೂ ಮುಂದೆ ಬರುತ್ತದೆ. ಹೊರಗಿನ ಮೆಟ್ಟಿಲು ನಕ್ಷೆಯಲ್ಲಿ ಒಳಗಿದ್ದು, ಕಟ್ಟುವಾಗ ಸೆಟ್‌ಬ್ಯಾಕ್ ಜಾಗಕ್ಕೆ ಇಳಿದುಬಿಟ್ಟಿರುತ್ತದೆ. ಎಷ್ಟು ಚಾಚಬಹುದು ಅಂತ ನಿಯಮದಲ್ಲೇ ಬರೆದಿರುತ್ತದೆ. ಟೇಪು ಹಿಡಿದು ಅಳೆದರೆ ಗೊತ್ತಾಗುತ್ತದೆ.

ಎತ್ತರವೂ ಹಾಗೆಯೇ. ಮೊದಲಿದ್ದ ನೆಲದಿಂದ ಅಳೆಯಬೇಕೋ, ಮಣ್ಣು ತುಂಬಿ ಏರಿಸಿದ ಮೇಲಿನ ಮಟ್ಟದಿಂದಲೋ? ಮೆಟ್ಟಿಲಿನ ತಲೆಕೋಣೆ, ನೀರಿನ ಟ್ಯಾಂಕ್ ಲೆಕ್ಕಕ್ಕೆ ಬರುತ್ತವೋ ಇಲ್ಲವೋ? ಜಗಳದ ಅರ್ಧ ಉತ್ತರ ಈ ಸಣ್ಣ ಸಾಲುಗಳಲ್ಲೇ ಇರುತ್ತದೆ.

ಇನ್ನೊಂದು. ಅವರು ನಿಯಮದಿಂದ ವಿನಾಯಿತಿ ಕೇಳಿದ್ದಾರಾ ಅಂತ ವಿಚಾರಿಸಿ. ಬಹಳ ಕಡೆ ವಿನಾಯಿತಿ ಕೊಡುವ ಮೊದಲು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕು. ಅದಕ್ಕೆ ಕಾಲಾವಕಾಶ ತುಂಬಾ ಕಡಿಮೆ. ಮೇಲ್ಮನವಿಗೂ ಅಷ್ಟೇ. ನ್ಯಾಯ ಇದ್ದೂ ದಿನ ಮೀರಿದ್ದಕ್ಕೆ ವಾಪಸ್ ಹೋದವರನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಸಿವಿಲ್ ಕಡತ

ನಾನು ಸಿವಿಲ್ ಕೇಸುಗಳನ್ನು ನಡೆಸುವ ವಕೀಲೆ. ನಕ್ಷೆಗಾರರು ಹೇಳಿದ್ದು ನೂರಕ್ಕೆ ನೂರು ಸರಿ. ಬೆಳಕಿನ ವಿಷಯ ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಲಯ ನಿಯಮ, ಅಂದರೆ ಯಾವ ಪ್ರದೇಶದಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವ ನಿಯಮ, ಹುಟ್ಟಿದ್ದರ ಹಿಂದೆ ಬೆಳಕಿನ ಜಗಳವೂ ಇದೆ. 1915ರಲ್ಲಿ ನ್ಯೂಯಾರ್ಕಿನಲ್ಲಿ ಈಕ್ವಿಟಬಲ್ ಕಟ್ಟಡ ರಸ್ತೆಯ ಅಂಚಿನಿಂದಲೇ ನೇರವಾಗಿ ಮೇಲೆದ್ದು ಸುತ್ತಲಿನ ಬೀದಿಗಳನ್ನು ನೆರಳಲ್ಲಿ ಮುಳುಗಿಸಿತು. ಮರುವರ್ಷವೇ, 1916ರಲ್ಲಿ, ಆ ನಗರ ಇಡೀ ಊರಿಗೆ ಅನ್ವಯಿಸುವ ವಲಯ ನಿಯಮ ತಂದಿತು. ಮೇಲೇರಿದ ಹಾಗೆ ಕಟ್ಟಡ ಹಿಂದೆ ಸರಿಯಬೇಕು ಅಂತ ಅದರಲ್ಲಿ ಬಂತು. ಇಂಥ ನಿಯಮ ಮಾಲೀಕರ ಹಕ್ಕನ್ನು ಕಸಿಯುತ್ತದೆ ಅನ್ನುವ ವಾದ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 1926ರ ಯೂಕ್ಲಿಡ್ ಪ್ರಕರಣದಲ್ಲಿ ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು.

ಆದರೆ ನಿಯಮದಂತೆ ಕಟ್ಟಿಯೂ ನಿಮ್ಮ ಬೆಳಕು ಹೋದರೆ? ಇಲ್ಲಿ ದೇಶದಿಂದ ದೇಶಕ್ಕೆ ಉತ್ತರ ಬೇರೆ. ಇಂಗ್ಲೆಂಡಿನಲ್ಲಿ 1832ರ ಕಾಯ್ದೆಯ ಪ್ರಕಾರ, ಒಂದು ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬೆಳಕು ಬಂದಿದ್ದರೆ ಅದು ಹಕ್ಕಾಗುತ್ತದೆ. ಭಾರತದ 1882ರ ಈಸ್‌ಮೆಂಟ್ ಕಾಯ್ದೆಯ (ಬೆಳಕು, ದಾರಿಯಂಥದ್ದಕ್ಕೆ ಪಕ್ಕದವರ ಜಾಗದ ಮೇಲಿರುವ ಹಕ್ಕಿನ ಕಾಯ್ದೆ) 15ನೇ ಕಲಮಿನಲ್ಲೂ 20 ವರ್ಷವೇ. ಅಮೆರಿಕದ ಬಹುತೇಕ ಕಡೆ ಹೀಗೆ ವರ್ಷ ತುಂಬಿದ್ದಕ್ಕೆ ಹಕ್ಕು ಹುಟ್ಟುವುದಿಲ್ಲ. 1959ರಲ್ಲಿ ಮಯಾಮಿ ಬೀಚಿನಲ್ಲಿ ಒಂದು ಹೋಟೆಲು 14 ಅಂತಸ್ತಿನ ಹೊಸ ಭಾಗ ಕಟ್ಟಲು ಹೊರಟು, ಪಕ್ಕದ ಹೋಟೆಲಿನ ಈಜುಕೊಳಕ್ಕೆ ನೆರಳು ಬೀಳುವ ಹಾಗಾಯಿತು. ಬೆಳಕಿನ ಹಕ್ಕು ಅಂತ ಒಂದು ಇಲ್ಲ ಅಂದಿತು ಅಲ್ಲಿನ ಕೋರ್ಟು. ಜಪಾನಿನಲ್ಲಿ 1972ರಲ್ಲಿ ಸುಪ್ರೀಂ ಕೋರ್ಟು ಬಿಸಿಲು ತಡೆದದ್ದಕ್ಕೆ ಪರಿಹಾರ ಒಪ್ಪಿತು. 1976ರಲ್ಲಿ ನೆರಳಿನ ಮಿತಿಯೇ ಕಟ್ಟಡ ಕಾಯ್ದೆಗೆ ಸೇರಿತು.

ಹಾಗಾಗಿ ಮೊದಲ ಪ್ರಶ್ನೆ, ನಿಮ್ಮ ಆ ಕಿಟಕಿಗಳಿಗೆ ವಯಸ್ಸೆಷ್ಟು? ಹಳೆಯ ನಕ್ಷೆ, ಹಳೆಯ ಫೋಟೋ, ಕ್ರಯಪತ್ರ, ಏನಿದೆ ಹುಡುಕಿ. ಇಪ್ಪತ್ತು ವರ್ಷದ ಲೆಕ್ಕ ಇರುವ ಕಡೆ ಅದನ್ನು ಕಾಗದದಲ್ಲಿ ತೋರಿಸಬೇಕು.

ಎರಡನೇ ಪ್ರಶ್ನೆ, ಎಷ್ಟು ಬೆಳಕು ಹೋಗಿದೆ? "ಮೊದಲಿನಷ್ಟು ಇಲ್ಲ" ಅಂದರೆ ಸಾಲದು. ಇಂಗ್ಲೆಂಡಿನ 1904ರ ಕೋಲ್ಸ್ ತೀರ್ಪು ಕೇಳಿದ್ದು, ಸಾಮಾನ್ಯ ಬಳಕೆಗೆ ಸಾಕಾಗುವಷ್ಟು ಬೆಳಕು ಉಳಿದಿದೆಯಾ ಇಲ್ಲವಾ ಅಂತ. ಭಾರತದ ಕಾಯ್ದೆಯ 33ನೇ ಕಲಮೂ ಇದೇ ದಿಕ್ಕಿನದು. ನಷ್ಟ ಗಣನೀಯವಾಗಿರಬೇಕು, ಮನೆಯವರ ದೇಹಸೌಖ್ಯಕ್ಕೆ ಅಡ್ಡಿಯಾಗಿರಬೇಕು. ಅಮ್ಮ ಹಗಲಲ್ಲಿ ಲೈಟ್ ಹಾಕಿ ಕೂರುತ್ತಾರೆ ಅಂದಿರಲ್ಲ, ಅದು ಸುಮ್ನೆ ಗೋಳು ಅಲ್ಲ, ಅದೇ ಸಾಕ್ಷ್ಯ. ದಿನದ ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಜಾಗದಿಂದ ಫೋಟೋ ತೆಗೆದಿಡಿ, ದಿನಾಂಕ ಸಮೇತ.

ಮೂರನೇ ಮಹಡಿ

ನಾನು ಈ ಜಗಳದಲ್ಲಿ ಆ ಕಡೆ ನಿಂತಿರುವವನು. ನಾನೂ ಮನೆಯ ಮೇಲೆ ಮನೆ ಕಟ್ಟುತ್ತಿದ್ದೇನೆ, ಎಲ್ಲಾ ನಿಯಮ ಪಾಲಿಸಿ. ಆದರೂ ಪಕ್ಕದವರಿಂದ ದಿನಾ ಒಂದು ತಕರಾರು. ಗಾಳಿ ಹೋಯಿತು, ನೋಟ ಹೋಯಿತು, ಮನೆಯ ಬೆಲೆ ಇಳಿಯಿತು ಅಂತ. ಅವರು ತಮ್ಮ ಮನೆ ಕಟ್ಟುವಾಗ ನಮ್ಮ ಕಡೆ ಜಾಗವನ್ನೇ ಬಿಟ್ಟಿಲ್ಲ. ಗಡಿಗೆ ಅಂಟಿಸಿ ಕಿಟಕಿ ಇಟ್ಟು, ಈಗ ನಾನು ಕಟ್ಟಬಾರದು ಅನ್ನುವುದು ಯಾವ ನ್ಯಾಯ? ಮಕ್ಕಳು ದೊಡ್ಡವರಾದರು, ಅವರಿಗೆ ಕೋಣೆ ಬೇಡವಾ? ಜಾಗದ ಮಾಲೀಕನಿಗೆ ಕಟ್ಟುವ ಹಕ್ಕೂ ಹಕ್ಕೇ ಅಲ್ವಾ?

ಸಿವಿಲ್ ಕಡತ

ಖಂಡಿತ ಹಕ್ಕೇ. ನಿಮ್ಮ ಮಾತನ್ನು ಹಗುರವಾಗಿ ತಗೊಳ್ಳಬಾರದು. ನೋಟಕ್ಕೆ ಹಕ್ಕಿಲ್ಲ ಅನ್ನುವುದು ಇಂಗ್ಲಿಷ್ ಕಾನೂನಿನಲ್ಲಿ ಬಹಳ ಹಳೆಯ ಮಾತು. ಭಾರತದಲ್ಲೂ ಅದೇ ಜಾಡು. ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು, ಈಗ ಕಾಣುವುದಿಲ್ಲ ಅಂತ ಕೇಸು ಹಾಕಿದರೆ ನಿಲ್ಲುವುದಿಲ್ಲ. ಪಕ್ಕದಲ್ಲಿ ಕಟ್ಟಡ ಬಂದು ಮನೆಯ ಬೆಲೆ ಇಳಿಯಿತು ಅನ್ನುವುದೊಂದರಿಂದಲೇ ಕೇಸು ಹುಟ್ಟುವುದಿಲ್ಲ. ಅವರು ಗಡಿಗೆ ಅಂಟಿಸಿ ಕಿಟಕಿ ಇಟ್ಟು 20 ವರ್ಷ ತುಂಬುವ ಮೊದಲೇ ನೀವು ಕಟ್ಟಿದರೆ, ಅವರಿಗೆ ಬೆಳಕಿನ ಹಕ್ಕು ಹುಟ್ಟಿಯೇ ಇರುವುದಿಲ್ಲ.

ಆದರೆ ಹಟಕ್ಕೆ ಕಟ್ಟಿದರೆ? ಇಲ್ಲಿ ಕಾನೂನುಗಳು ಒಂದಕ್ಕೊಂದು ಒಪ್ಪುವುದಿಲ್ಲ. 1895ರ ಬ್ರಾಡ್‌ಫರ್ಡ್ ಪ್ರಕರಣದಲ್ಲಿ, ತನ್ನ ಜಾಗದಡಿಯ ನೀರನ್ನು ಒಬ್ಬ ತಡೆದ. ಪಟ್ಟಣದ ನೀರು ಸರಬರಾಜಿಗೆ ತೊಂದರೆಯಾಗಿ, ಅವರು ತನ್ನ ಜಾಗ ಕೊಳ್ಳಲಿ ಅನ್ನುವುದು ಅವನ ಉದ್ದೇಶ ಅಂತ ಆರೋಪವಿತ್ತು. ಇಂಗ್ಲೆಂಡಿನ ಉನ್ನತ ಪೀಠ ಉದ್ದೇಶ ಮುಖ್ಯವಲ್ಲ, ಮಾಡಿದ ಕೆಲಸ ಕಾನೂನಿನ ಒಳಗಿದೆ ಅಂದಿತು. ಅದೇ ಇಂಗ್ಲೆಂಡಿನಲ್ಲಿ 1936ರಲ್ಲಿ, ಪಕ್ಕದವರ ನರಿ ಸಾಕಣೆ ಹಾಳಾಗಲಿ ಅಂತ ಮರಿ ಹಾಕುವ ಕಾಲದಲ್ಲೇ ಗಡಿಯಲ್ಲಿ ಬಂದೂಕು ಹಾರಿಸಿದವನಿಗೆ ತಡೆಯಾಜ್ಞೆ ಬಂತು. ಫ್ರಾನ್ಸ್ ಇನ್ನೂ ಮುಂದೆ ಹೋಯಿತು. ಪಕ್ಕದ ಜಾಗದಿಂದ ವಾಯುನೌಕೆಗಳು ಏರುತ್ತಿದ್ದವು. ಗಡಿಯಲ್ಲಿ ಎತ್ತರದ ಮರದ ಚೌಕಟ್ಟು ಕಟ್ಟಿ, ಮೇಲೆ ಕಬ್ಬಿಣದ ಮೊನೆಗಳನ್ನು ನೆಟ್ಟಿದ್ದ ಒಬ್ಬ. ಒಂದು ನೌಕೆ ಅದಕ್ಕೆ ಸಿಕ್ಕಿ ಹರಿದುಹೋಯಿತು. 1915ರಲ್ಲಿ ಅಲ್ಲಿನ ಮೇಲಿನ ಕೋರ್ಟು ಇದು ಹಕ್ಕಿನ ದುರುಪಯೋಗ ಅಂತ ಪರಿಹಾರವನ್ನು ಎತ್ತಿಹಿಡಿಯಿತು. ಜರ್ಮನಿಯ ನಾಗರಿಕ ಸಂಹಿತೆಯ 226ನೇ ಕಲಮು ಇದನ್ನೇ ನೇರವಾಗಿ ಬರೆದಿದೆ. ಇನ್ನೊಬ್ಬರಿಗೆ ಕೇಡು ಮಾಡುವುದೊಂದೇ ಗುರಿಯಾದರೆ ಆ ಹಕ್ಕನ್ನು ಚಲಾಯಿಸುವ ಹಾಗಿಲ್ಲ.

ನನ್ನ ಮಟ್ಟಿಗೆ ಫ್ರೆಂಚರ ದಾರಿಯೇ ನ್ಯಾಯ. ಮಕ್ಕಳಿಗೆ ಕೋಣೆ ಬೇಕು ಅಂತ ಕಟ್ಟುವವರಿಗೂ ಪಕ್ಕದವರ ಕಿಟಕಿ ಮುಚ್ಚಲೆಂದೇ ಗೋಡೆ ಎಬ್ಬಿಸುವವರಿಗೂ ವ್ಯತ್ಯಾಸ ಇರಲೇಬೇಕು.

ಪೂರ್ವದ ಕಿಟಕಿ

ನಕ್ಷೆಯ ಪ್ರತಿ ಸಿಕ್ಕಿತು. ಕೆಳಗಿನ ಅಂತಸ್ತು ಪೂರ್ತಿ "ವಾಹನ ನಿಲುಗಡೆ" ಅಂತ ಇದೆ! ವರ್ಕ್‌ಶಾಪ್ ಅನ್ನುವ ಪದವೇ ಇಲ್ಲ. ಮೆಟ್ಟಿಲು ನಕ್ಷೆಯಲ್ಲಿ ಒಳಗಿದೆ, ಈಗ ಹೊರಗೆ ಕಟ್ಟುತ್ತಿದ್ದಾರೆ. ಕಿಟಕಿಗಳ ಬಗ್ಗೆ ಹೇಳುವುದಾದರೆ, ಮನೆಯನ್ನು ಅಜ್ಜ ಕಟ್ಟಿಸಿದ್ದು. ಅದೇ ಕಿಟಕಿ ಮುಂದೆ ನಾನು ಅಮ್ಮನ ತೊಡೆ ಮೇಲೆ ಕೂತಿರುವ ಫೋಟೋ ಇದೆ. ನಾನೀಗ ಮೂವತ್ತು ದಾಟಿದ್ದೇನೆ.

ಇನ್ನೂ ಒಂದು ಸಂಶಯ. ಒಂದು ವೇಳೆ ಅವರು ವರ್ಕ್‌ಶಾಪಿಗೂ ಪರವಾನಗಿ ತಂದುಬಿಟ್ಟರೆ ಏನು ಗತಿ?

ಹಳೇ ನಕ್ಷೆಗಾರ

ಬಹಳ ಒಳ್ಳೆಯದಾಯಿತು. ಮೆಟ್ಟಿಲು, ನಿಲುಗಡೆ, ಎರಡೂ ಮಂಜೂರಾದ ನಕ್ಷೆಯ ಉಲ್ಲಂಘನೆ. ಇದು ಕಚೇರಿಯೇ ನೋಡಬೇಕಾದ ವಿಷಯ. ಬಾಯಿಮಾತಿನಲ್ಲಿ ಹೇಳಬೇಡಿ. ಬರವಣಿಗೆಯಲ್ಲಿ ಕೊಡಿ, ನಕ್ಷೆಯ ಪ್ರತಿ ಲಗತ್ತಿಸಿ, ಫೋಟೋ ಇಡಿ, ಸ್ವೀಕೃತಿ ಪಡೆಯಿರಿ. ಕಟ್ಟಡ ಮುಗಿಯುವ ಮೊದಲು ಕೊಟ್ಟ ಒಂದು ಪುಟಕ್ಕೆ ಇರುವ ತೂಕ, ಮುಗಿದ ಮೇಲೆ ಕೊಟ್ಟ ಹತ್ತು ಪುಟಕ್ಕಿಲ್ಲ.

ಸಿವಿಲ್ ಕಡತ

ಪರವಾನಗಿ ತಂದರೆ ಏನು ಗತಿ ಅಂದಿರಿ. ಎರಡು ಮಾತು.

ಒಂದು, ವಲಯ ನಿಯಮವನ್ನು ಮೀರಿ ಕೊಟ್ಟ ಪರವಾನಗಿಗೇ ಬೆಲೆ ಇಲ್ಲ. ಉಡುಪಿಯ ಪ್ರಕರಣವೊಂದು ಇದಕ್ಕೆ ದೊಡ್ಡ ಆಸರೆ. ನಗರ ಯೋಜನೆಯಲ್ಲಿ ವಸತಿಗೆಂದು ಗುರುತಿಸಿದ್ದ ಜಾಗ. ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಸಭಾಂಗಣ ಅಂತ ಅನುಮತಿ ಪಡೆದಲ್ಲಿ ಆಮೇಲೆ ಚಿತ್ರಮಂದಿರ ಕಟ್ಟಲು ಪುರಸಭೆ ಒಪ್ಪಿಗೆ ಕೊಟ್ಟಿತ್ತು. ಅಲ್ಲೇ ವಾಸವಿದ್ದ ಒಬ್ಬರು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟು ಆ ಒಪ್ಪಿಗೆಯನ್ನೇ ರದ್ದು ಮಾಡಿತು. ವಸತಿ ಪ್ರದೇಶದಲ್ಲಿ ಕಾನೂನು ಮೀರಿ ಕಟ್ಟಿದರೆ ಅಲ್ಲಿ ಇರುವವರ ಆಸ್ತಿ ಅನುಭವಕ್ಕೆ ನಿಜವಾಗಿ ಪೆಟ್ಟು ಬೀಳುತ್ತದೆ, ಹಾಗಾಗಿ ಪಕ್ಕದ ನಿವಾಸಿಗೆ ಕೇಳುವ ಹಕ್ಕಿದೆ ಅಂದಿತು. "ನಿನಗೇನು ಸಂಬಂಧ" ಅನ್ನುವ ಮಾತಿಗೆ ಅಲ್ಲಿಗೆ ಉತ್ತರ ಸಿಕ್ಕಿತು.

ಎರಡು, ಪರವಾನಗಿ ಕಾನೂನುಬದ್ಧವಾಗಿಯೇ ಇದ್ದರೂ, ಸದ್ದು, ದೂಳು, ಅದುರುವಿಕೆಯಿಂದ ನಿಮ್ಮ ಬದುಕು ಅಸಹನೀಯವಾದರೆ ಅದು ಉಪದ್ರವ. ಅದಕ್ಕೆ ಬೇರೆ ಕೇಸು. 2014ರಲ್ಲಿ ಇಂಗ್ಲೆಂಡಿನ ಮೋಟಾರ್ ರೇಸ್ ಮೈದಾನದ ಸದ್ದಿನ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಯೋಜನಾ ಅನುಮತಿ ಇದೆ ಅಂದ ಮಾತ್ರಕ್ಕೆ ಉಪದ್ರವ ಮಾಡುವ ಹಕ್ಕು ಸಿಗುವುದಿಲ್ಲ.

"ನಾವು ಮೊದಲು ಬಂದವರು" ಅನ್ನುವ ವಾದವೂ ಎಲ್ಲಾ ಕಡೆ ನಡೆಯುವುದಿಲ್ಲ. 1879ರ ಲಂಡನ್ನಿನ ಪ್ರಕರಣದಲ್ಲಿ ಮಿಠಾಯಿ ತಯಾರಕನ ಕುಟ್ಟಾಣಿಗಳು 20 ವರ್ಷಕ್ಕೂ ಮೇಲೆ ಕುಟ್ಟುತ್ತಿದ್ದವು. ಪಕ್ಕದ ವೈದ್ಯರು ಆಮೇಲೆ ಹಿತ್ತಲಲ್ಲಿ ರೋಗಿ ನೋಡುವ ಕೋಣೆ ಕಟ್ಟಿದರು. ಗೆದ್ದವರು ವೈದ್ಯರೇ. ಆ ಕೋಣೆ ಇಲ್ಲದಿದ್ದಾಗ ಯಾರಿಗೂ ತೊಂದರೆಯಾಗಿರಲಿಲ್ಲ, ಹಾಗಾಗಿ ಹಕ್ಕಿನ ವರ್ಷದ ಲೆಕ್ಕ ಶುರುವೇ ಆಗಿರಲಿಲ್ಲ. ಯಾವ ಪ್ರದೇಶ ಅನ್ನುವುದೂ ಮುಖ್ಯ. ಕೈಗಾರಿಕೆಯ ಬೀದಿಯಲ್ಲಿ ಸಹಿಸಬೇಕಾದ್ದನ್ನು ವಸತಿ ಬೀದಿಯಲ್ಲಿ ಸಹಿಸಬೇಕಾಗಿಲ್ಲ.

ಹೊಸಬ

ಇದೆಲ್ಲಾ ಓದಲು ಚೆನ್ನಾಗಿದೆ. ಆದರೆ ಒಮ್ಮೆ ಕಟ್ಟಿದ ಮೇಲೆ ಯಾರು ಕೆಡವುತ್ತಾರೆ? ದಂಡ ಕಟ್ಟಿ ಸಕ್ರಮ ಮಾಡಿಸಿಕೊಳ್ಳುತ್ತಾರೆ. ನಾನು ಬೆಳೆದಿದ್ದೇ ಅಂಥ ಬೀದಿಯಲ್ಲಿ. ನೊಂದು ಹೇಳುತ್ತಿದ್ದೇನೆ.

ಸಿವಿಲ್ ಕಡತ

ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ನೋಯ್ಡಾದ ಅವಳಿ ಗೋಪುರ ನೆನಪಿಸಿಕೊಳ್ಳಿ. ಎರಡು ಕಟ್ಟಡಗಳ ನಡುವೆ ಬಿಡಬೇಕಾದ ಕನಿಷ್ಠ ಅಂತರ ಬಿಟ್ಟಿಲ್ಲ ಅಂತ ಪಕ್ಕದ ನಿವಾಸಿಗಳ ಸಂಘವೇ ಕೋರ್ಟಿಗೆ ಹೋಗಿತ್ತು. 2014ರಲ್ಲಿ ಅಲಹಾಬಾದ್ ಹೈಕೋರ್ಟು ಕೆಡವಲು ಹೇಳಿತು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2022ರ ಆಗಸ್ಟ್ 28ರಂದು ಎರಡೂ ನೆಲಕ್ಕೆ ಬಿದ್ದವು. 2024ರ ಡಿಸೆಂಬರಿನಲ್ಲೂ ಅದೇ ಕೋರ್ಟು ಹೇಳಿದ್ದೇನೆಂದರೆ, ಅಧಿಕಾರಿಗಳು ತಡ ಮಾಡಿದರು, ಕಟ್ಟಿದವರು ಹಣ ಸುರಿದರು ಅನ್ನುವ ಕಾರಣಕ್ಕೆ ಅಕ್ರಮ ಕಟ್ಟಡ ಸಕ್ರಮವಾಗುವುದಿಲ್ಲ.

ಹಾಗಂತ ಪ್ರತಿ ಸಲ ಕೆಡವುತ್ತಾರೆ ಅಂತ ಸುಳ್ಳು ಭರವಸೆ ಕೊಡಲಾರೆ. ನೆರೆಹೊರೆಯ ಖಾಸಗಿ ಹಕ್ಕಿನ ಕೇಸಿನಲ್ಲಿ ಕೋರ್ಟು ತಡೆಯಾಜ್ಞೆ ಬದಲು ಹಣದ ಪರಿಹಾರ ಕೊಡಬಹುದು. ಇಂಗ್ಲೆಂಡಿನಲ್ಲಿ 1895ರ ಶೆಲ್ಫರ್ ತೀರ್ಪಿನಿಂದ ಒಂದು ಅಳತೆಗೋಲು ಬಂತು. ಹಾನಿ ಸಣ್ಣದು, ಹಣದಲ್ಲಿ ಲೆಕ್ಕ ಹಾಕಬಹುದು, ಸಣ್ಣ ಮೊತ್ತದಲ್ಲಿ ತೀರುತ್ತದೆ, ಕೆಡವುವುದು ಎದುರಿನವರಿಗೆ ಅತಿಯಾಗುತ್ತದೆ ಅಂದರೆ ಹಣವೇ ಸಾಕು ಅಂತ. ಮೋಟಾರ್ ರೇಸ್ ಮೈದಾನದ 2014ರ ತೀರ್ಪು ಅದನ್ನು ಯಾಂತ್ರಿಕವಾಗಿ ಹಚ್ಚಬೇಡಿ ಅಂದಿತು. ಕಟ್ಟಡ ಮೇಲೇರಿದಷ್ಟೂ ಕೋರ್ಟು ಹಣದ ಕಡೆ ವಾಲುತ್ತದೆ. ಅದಕ್ಕೇ ಈಗಲೇ ಹೋಗಿ ಅನ್ನುತ್ತಿರುವುದು.

ಎರಡರ ನಡುವಿನ ದಾರಿ ಹುಡುಕಿದ ತೀರ್ಪೂ ಇದೆ, ನನಗೆ ತುಂಬಾ ಇಷ್ಟವಾದದ್ದು. ಅಮೆರಿಕದ ಅರಿಜೋನಾದಲ್ಲಿ ದೊಡ್ಡ ದನದ ಫಾರಂ ಇತ್ತು. ಮನೆ ಕಟ್ಟಿ ಮಾರುವ ಕಂಪನಿ ತನ್ನ ಬಡಾವಣೆಯನ್ನು ಅದರ ಹತ್ತಿರಕ್ಕೇ ತಂದಿತು. ನಾತ, ನೊಣ ಅಂತ ಆಮೇಲೆ ದೂರು. 1972ರಲ್ಲಿ ಕೋರ್ಟು, ಜನರ ಹಿತಕ್ಕೆ ಫಾರಂ ಹೋಗಬೇಕು, ಆದರೆ ತಾನಾಗಿ ಅಲ್ಲಿಗೆ ಬಂದ ಕಂಪನಿಯೇ ಅದರ ಖರ್ಚು ಭರಿಸಬೇಕು ಅಂದಿತು.

ಗಾಜಿನ ಬಾಗಿಲು

ಒಂದು ಪಕ್ಕದ ಪ್ರಶ್ನೆ. ನಮ್ಮ ಹಿಂದಿನ ಮನೆಯವರು ಹೊಸದಾಗಿ ಬಾಲ್ಕನಿ ಮಾಡಿದ್ದಾರೆ, ನೇರ ನಮ್ಮ ಮಲಗುವ ಕೋಣೆಗೆ ಕಾಣುತ್ತದೆ. ಸೆಟ್‌ಬ್ಯಾಕ್ ಸರಿಯಾಗಿದೆಯಂತೆ. ಮರ್ಯಾದೆಯಿಂದ ಬದುಕುವುದು ಬೇಡವಾ?

ಸಿವಿಲ್ ಕಡತ

ಬರೀ ಕಾಣುತ್ತದೆ ಅನ್ನುವುದು ಹೆಚ್ಚಿನ ಕಡೆ ಸಾಲದು. ಆದರೆ 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಸಂಗ್ರಹಾಲಯದ ವೀಕ್ಷಣಾ ಮಹಡಿಯ ಬಗ್ಗೆ ಬಂದ ತೀರ್ಪು ಓದಿ. ಎದುರಿನ ಗಾಜಿನ ಗೋಡೆಯ ಫ್ಲಾಟುಗಳನ್ನು ಪ್ರವಾಸಿಗರು ದಿನವಿಡೀ ನೋಡುತ್ತಿದ್ದರು, ಫೋಟೋ ತೆಗೆಯುತ್ತಿದ್ದರು. ಮೂವರು ನ್ಯಾಯಮೂರ್ತಿಗಳು ಅದು ಉಪದ್ರವ ಅಂದರು, ಇಬ್ಬರು ಒಪ್ಪಲಿಲ್ಲ. ಭಾರತದ 1882ರ ಕಾಯ್ದೆಯ 18ನೇ ಕಲಮಿನಲ್ಲಿ, ಸ್ಥಳೀಯ ರೂಢಿಯಿಂದ ಹುಟ್ಟುವ ಹಕ್ಕಿಗೆ ಕೊಟ್ಟ ಉದಾಹರಣೆಯೇ ಇಂಥದ್ದು. ಪಕ್ಕದವರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಹೊಸ ಕಿಟಕಿ ತೆರೆಯಬಾರದು ಅನ್ನುವ ರೂಢಿ ಒಂದು ಊರಿನಲ್ಲಿದ್ದರೆ ಅದು ಹಕ್ಕಾಗುತ್ತದೆ. ಆದರೆ ಆ ರೂಢಿ ಇದೆ ಅಂತ ನೀವೇ ಸಾಬೀತು ಮಾಡಬೇಕು, ಅದು ಸುಲಭವಲ್ಲ. ಮೊದಲು ಬಾಲ್ಕನಿಗೆ ಒಂದು ಎತ್ತರದ ಮರೆ ಕೇಳಿ ನೋಡಿ. ಬಹಳ ಜನ ಒಪ್ಪುತ್ತಾರೆ.

ಮೂರನೇ ಮಹಡಿ

ನಾನು ಮರೆ ಕಟ್ಟಿಸಿದ್ದೇನೆ, ಪಕ್ಕದವರು ಕೇಳಿದ ಮೇಲೆ. ಕೇಳುವ ರೀತಿಯಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಪೂರ್ವದ ಕಿಟಕಿ

ಗೋಡೆಯ ವಿಷಯಕ್ಕೆ ಬರುತ್ತೇನೆ. ಅವರೇ ಸರ್ವೇಯರ್ ಕರೆಸಿ ಅಳೆಸುತ್ತೇವೆ ಅಂದಿದ್ದಾರೆ. ನಾವು ಒಪ್ಪಬೇಕಾ?

ಹಳೇ ನಕ್ಷೆಗಾರ

ಒಪ್ಪಿ, ಆದರೆ ಜಂಟಿಯಾಗಿ. ಇಬ್ಬರೂ ಸೇರಿ ಹದ್ದುಬಸ್ತು ಮಾಡಿಸಿ, ಖರ್ಚು ಹಂಚಿಕೊಳ್ಳಿ. ಅಳೆಯುವ ದಿನ ಇಬ್ಬರ ಕ್ರಯಪತ್ರವೂ ಅಲ್ಲಿರಲಿ. ಚಕ್ಕುಬಂದಿ (ನಾಲ್ಕೂ ಕಡೆಯ ಗಡಿಯ ವಿವರ) ಎರಡರಲ್ಲೂ ಹೊಂದುತ್ತದಾ ನೋಡಿ. ಒಂದರಲ್ಲಿ ಬರೆದ ಅಗಲ ಇನ್ನೊಂದರ ಜಾಗವನ್ನು ತಿಂದಿರುತ್ತದೆ, ಆ ತಪ್ಪು ಎಷ್ಟೋ ಮಾರಾಟದ ಹಿಂದೆ ಆಗಿರುತ್ತದೆ. ಸರ್ವೇಯರ್ ಯಾವ ಸ್ಥಿರ ಗುರುತಿನಿಂದ ಅಳತೆ ಶುರು ಮಾಡಿದರು ಅಂತ ಕೇಳಿ ಬರೆಸಿಕೊಳ್ಳಿ. ಕಾಂಪೌಂಡ್ ಗೋಡೆಯೇ ಗಡಿ ಅಂತ ಯಾರೂ ಅಂದುಕೊಳ್ಳಬಾರದು. ಗೋಡೆ ಕಟ್ಟಿದವರು ಎಲ್ಲಿ ಅನುಕೂಲವೋ ಅಲ್ಲಿ ಕಟ್ಟಿರುತ್ತಾರೆ. ಗೋಡೆಯ ಬುಡ ಸರಿಯಿದ್ದು ಸಜ್ಜಾ ಮಾತ್ರ ದಾಟಿರಬಹುದು, ಅದನ್ನೂ ತೂಗುಗುಂಡು ಇಳಿಬಿಟ್ಟು ನೋಡಿ.

ಸಿವಿಲ್ ಕಡತ

ಇಲ್ಲೂ ಮೌನವೇ ಅಪಾಯ. ಜರ್ಮನಿಯ ನಾಗರಿಕ ಸಂಹಿತೆಯ 912ನೇ ಕಲಮು ನೋಡಿ. ಬೇಕಂತಲೋ ತೀರಾ ಅಲಕ್ಷ್ಯದಿಂದಲೋ ಅಲ್ಲದೆ ಗಡಿ ದಾಟಿ ಕಟ್ಟಿದ್ದರೆ, ಪಕ್ಕದವರು ಅದನ್ನು ಸಹಿಸಿಕೊಂಡು ಬಾಡಿಗೆಯಂಥ ಪರಿಹಾರ ತಗೊಳ್ಳಬೇಕು. ಆದರೆ ದಾಟುವ ಮೊದಲೇ ಅಥವಾ ದಾಟಿದ ಕೂಡಲೇ ಆಕ್ಷೇಪಿಸಿದವರಿಗೆ ಆ ಕಟ್ಟುಪಾಡು ಇಲ್ಲ. ಭಾರತದಲ್ಲಿ ಖಾಸಗಿ ಜಾಗವನ್ನು ಬಹಿರಂಗವಾಗಿ, ಮಾಲೀಕನ ಹಕ್ಕಿಗೆ ವಿರುದ್ಧವಾಗಿ 12 ವರ್ಷ ಹಿಡಿದುಕೊಂಡರೆ ಮಾಲೀಕನ ಹಕ್ಕೇ ಹೋಗಬಹುದು. ಒಂದು ಗೇಣು ತಾನೇ ಅಂತ ಬಿಡಬೇಡಿ. ಮಾರುವ ದಿನ ಅದೇ ಗೇಣು ಅಡ್ಡ ನಿಲ್ಲುತ್ತದೆ.

ಇನ್ನೊಂದು ಕಾಗದವನ್ನೂ ನೋಡಿ. ಬಡಾವಣೆ ಮಾಡಿದವರು ಮಾರುವಾಗ ಕ್ರಯಪತ್ರದಲ್ಲೇ ಏನು, ಹೇಗೆ ಕಟ್ಟಬಹುದು ಅಂತ ಷರತ್ತು ಬರೆದಿದ್ದಾರಾ? ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಬೇರೆ ನಗರಗಳ ಹಾಗೆ ವಲಯ ನಿಯಮವೇ ಇಲ್ಲ. ಅಲ್ಲಿನ ಎಷ್ಟೋ ಬಡಾವಣೆಗಳು ನಡೆಯುವುದೇ ಪತ್ರದಲ್ಲಿರುವ ಇಂಥ ಷರತ್ತುಗಳ ಮೇಲೆ.

ಪೂರ್ವದ ಕಿಟಕಿ

ಎಲ್ಲರಿಗೂ ಧನ್ಯವಾದ. ಅಳತೆ ಆಯಿತು. ಗೋಡೆ ಅವರ ಜಾಗದಲ್ಲೇ ಇದೆ, ಸಜ್ಜಾ ಮಾತ್ರ ದಾಟಿದೆ, ಕತ್ತರಿಸುತ್ತೇವೆ ಅಂದಿದ್ದಾರೆ. ಮೆಟ್ಟಿಲಿನ ಕೆಲಸ ನಿಲ್ಲಿಸಲು ಕಚೇರಿಯಿಂದ ನೋಟಿಸ್ ಬಂದಿದೆ. ವರ್ಕ್‌ಶಾಪ್ ಬಗ್ಗೆ ಇನ್ನೂ ಉತ್ತರ ಬಂದಿಲ್ಲ, ಬಿಡುವುದಿಲ್ಲ. ಬೆಳಕಿನ ಬಗ್ಗೆ ವಕೀಲರ ಮೂಲಕ ಪತ್ರ ಕೊಟ್ಟೆವು. ಮೇಲಿನ ಮಹಡಿಯನ್ನು ನಮ್ಮ ಕಡೆಯಿಂದ ಸ್ವಲ್ಪ ಹಿಂದೆ ಸರಿಸುವ ಬಗ್ಗೆ ಮಾತು ನಡೆಯುತ್ತಿದೆ. ಆ ಮನೆಯ ಯಜಮಾನರು ಬಂದು ಅಮ್ಮನ ಕೋಣೆಯಲ್ಲಿ ಹತ್ತು ನಿಮಿಷ ಕೂತರು. ಆಮೇಲೆ ಮಾತಿನ ಧಾಟಿಯೇ ಬದಲಾಯಿತು.

ಸಿವಿಲ್ ಕಡತ

ಒಪ್ಪಿದ್ದನ್ನು ಬರೆದು ನೋಂದಾಯಿಸಿ. ಅವರು ಮನೆ ಮಾರಿದರೆ ಕೊಂಡವರನ್ನೂ ಅದು ಕಟ್ಟಬೇಕು. ಬರೀ ಇಬ್ಬರ ನಡುವಿನ ಮಾತಾಗಿ ಉಳಿದರೆ ಹೊಸಬರು ಗೊತ್ತಿಲ್ಲ ಅನ್ನುತ್ತಾರೆ. ಎಷ್ಟು ಅಡಿ ಹಿಂದೆ, ಯಾವ ಎತ್ತರದಿಂದ, ಎಲ್ಲಾ ನಕ್ಷೆಯಲ್ಲಿ ಬರೆದು ಲಗತ್ತಿಸಿ.

ಓಣಿ ಕೊನೆ

ಕೊನೆಯದಾಗಿ ನನ್ನದೂ ಒಂದು. ನಮ್ಮ ಜಾಗದ ಅಂಚಿನಲ್ಲಿ ಹಿಂದಿನ ಮನೆಯವರು ನಡೆದಾಡಲು ಬಿಟ್ಟಿದ್ದೇವೆ, ಹಲವು ವರ್ಷಗಳಿಂದ. ಒಳ್ಳೆಯ ಜನ. ತಡೆಯುವ ಮನಸ್ಸಿಲ್ಲ. ಮುಂದೆ ಅದೇ ಹಕ್ಕಾಗಿಬಿಡುತ್ತದಾ?

ಸಿವಿಲ್ ಕಡತ

ಅವರು ಅದನ್ನು ಹಕ್ಕೆಂದು, ಬಹಿರಂಗವಾಗಿ, ತಡೆಯಿಲ್ಲದೆ ಬಳಸುತ್ತಾ ಬಂದರೆ ಆಗಬಹುದು. ನಿಮ್ಮ ಅನುಮತಿಯಿಂದ ಬಳಸುತ್ತಿದ್ದರೆ ಆಗುವುದಿಲ್ಲ. ತಡೆಯಬೇಡಿ, ಬೇಲಿ ಹಾಕಬೇಡಿ. "ನಮ್ಮ ಒಪ್ಪಿಗೆಯ ಮೇರೆಗೆ ಈ ದಾರಿಯನ್ನು ಬಳಸುತ್ತಿದ್ದೀರಿ, ಬೇಕಾದಾಗ ಈ ಒಪ್ಪಿಗೆಯನ್ನು ಹಿಂಪಡೆಯಬಹುದು" ಅಂತ ಒಂದು ಪತ್ರ ಮಾಡಿ, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಅವರಿಗೆ ರಸ್ತೆ ಸೇರಲು ಬೇರೆ ದಾರಿಯೇ ಇಲ್ಲವಾ, ಎರಡೂ ಜಾಗ ಮೊದಲು ಒಬ್ಬರದೇ ಆಗಿತ್ತಾ? ಹಾಗಿದ್ದರೆ ಮಾತ್ರ ಲೆಕ್ಕ ಬೇರೆ. ಅನಿವಾರ್ಯತೆಯ ಹಕ್ಕು ಅಂತ ಅದೇ 1882ರ ಕಾಯ್ದೆಯ 13ನೇ ಕಲಮಿನಲ್ಲಿದೆ, ಅದಕ್ಕೆ ವರ್ಷದ ಲೆಕ್ಕವೂ ಬೇಡ, ನಿಮ್ಮ ಒಪ್ಪಿಗೆಯೂ ಬೇಡ. ಸಹಿ ಹಾಕಿಸುವ ಮೊದಲು ಎರಡೂ ಜಾಗದ ಹಳೆಯ ಪತ್ರಗಳನ್ನು ಒಮ್ಮೆ ತೆಗೆದು ನೋಡಿ.